ಗೋಡೆಗೆ ಕಣ್ಣಿಟ್ಟ ಬೇಸಿಗೆ

ಸುಣ್ಣಕ್ಕೆ ಮತ್ತು ಮೊದಲ ಲೇಪದ ಅಸ್ತರಿಗೆ ಎರಡು ಸಾವಿರದ ಒಂಬೈನೂರು. ಕಪ್ಪು, ಬಿಳಿ, ಕಂದು ಬಣ್ಣದ ಡಬ್ಬಿಗಳಿಗೆ ನಾಲ್ಕು ಸಾವಿರ. ಏಣಿಯ ಬಾಡಿಗೆ ಮುನ್ನೂರು. ಪೇಂಟರ್ ಕಲ್ಮೇಶನ ಕೂಲಿ, ಅವನು ಕೇಳಿದ್ದಕ್ಕಿಂತ ಐನೂರು ಕಡಿಮೆ. ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸು, ಹೆಂಗಸರಿಗೆ ದುಡ್ಡಿಲ್ಲದ ಟಿಕೆಟಾದ್ದರಿಂದ ಸೊನ್ನೆ. ಕನ್ನಡಿ ಒಂದು, ನೂರಾ ಎಂಬತ್ತು. ಈ ಕೊನೆಯ ಸಾಲನ್ನು ಹೊಡೆದುಹಾಕಿದವಳು ನೀಲಾ. ಉಳಿದದ್ದಕ್ಕೆಲ್ಲ ಸರಕಾರ ದುಡ್ಡು ಕೊಟ್ಟಿತ್ತು, ಕನ್ನಡಿಗೆ ಮಾತ್ರ ಯಾರೂ ಕೊಟ್ಟಿರಲಿಲ್ಲ. ಅಂಥದ್ದೇ ಒಂದು ಕನ್ನಡಿಯನ್ನು ನಿನ್ನೆ ಸಂಜೆ ಗಣಪತ ಗಲ್ಲಿಯ ಅಂಗಡಿಯಲ್ಲಿ ಅವಳು ತನ್ನ ದುಡ್ಡಿನಿಂದ ಕೊಂಡಿದ್ದಳು. ಹಳೇ ಪೇಪರಿನಲ್ಲಿ ಸುತ್ತಿದ ಅದು ಈಗ ಖಾನಾಪುರದ ಬಸ್ಸಿನಲ್ಲಿ ಅವಳ ತೊಡೆಯ ಮೇಲಿತ್ತು.

ಬಸ್ಸು ಉದ್ಯಮಬಾಗ ದಾಟುವಾಗ ಕನ್ನಡಿ ನಡುಗಿತು. ಪೇಪರಿನ ಒಂದು ಮೂಲೆ ಹರಿದು, ಅಲ್ಲಿಂದ ಬೆಳಕಿನ ಒಂದು ತುಣುಕು ಬಸ್ಸಿನ ತಗಡಿನ ಮೇಲೆ ಓಡಾಡತೊಡಗಿತು. ನೀಲಾ ಅಂಗೈಯಿಂದ ಅದನ್ನು ಮುಚ್ಚಿದಳು. ಧಾರವಾಡದಲ್ಲಿ ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು ಎರಡು ತಿಂಗಳ ಬೇಸಿಗೆ ಫೆಲೋಶಿಪ್ಪಿನ ಮೇಲೆ ಬೆಳಗಾವಿಗೆ ಬಂದಿದ್ದಳು. ಮನಸ್ಸಿನ ಬಗ್ಗೆ ಓದುವವರು ಸರಕಾರದವರ ಪಕ್ಕ ಕುಳಿತು, ನಿಯಮಗಳು ಹೇಗೆ ಹುಟ್ಟುತ್ತವೆ ಎಂದು ನೋಡಲಿ, ತಮ್ಮ ಓದು ನಾಲ್ಕು ಜನಕ್ಕೆ ಉಪಯೋಗವಾಗಲಿ ಎನ್ನುವುದು ಅದರ ಉದ್ದೇಶ. ಆಫೀಸಿನಲ್ಲಿ ಮೊದಲ ದಿನ ಅವಳಿಗೆ ಕೈ ಮುರಿದ ಕುರ್ಚಿ ಸಿಕ್ಕಿತ್ತು. ಟೈಪ್ ಮಾಡಲು ಬಂದ ಹುಡುಗಿ ಎಂದುಕೊಂಡು ಒಬ್ಬರು ಮೂರು ಹಾಳೆ ಕೊಟ್ಟುಹೋಗಿದ್ದರು. ಅವಳು ಮರುಮಾತಾಡದೆ ಟೈಪ್ ಮಾಡಿ ಕೊಟ್ಟಿದ್ದಳು. ಕೆಲಸ ಒಪ್ಪಿಸಬೇಕಿದ್ದ ಪ್ರಸಾದ ಸರ್ ಆಮೇಲೆ ತಿಳಿದು ನಕ್ಕು, 'ನೀವರೇ ಹೇಳಬಾರದೇನ್ರಿ ನೀಲಾ, ನಾ ಡಾಕ್ಟರ್ ಆಗುವಾಕಿ ಅಂತ' ಎಂದಿದ್ದರು. ಒಳ್ಳೆಯ ಮನುಷ್ಯ. ಅವರು ಒಳ್ಳೆಯವರಾಗಿದ್ದದ್ದೇ ಅವಳಿಗೆ ತೊಂದರೆಯಾಯಿತು. ಒಳ್ಳೆಯವರ ಎದುರು ಹಳ್ಳಿಯವಳಂತೆ ಕಾಣಬಾರದು ಎಂದು ಅವಳು ಎರಡು ತಿಂಗಳು ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕುಳಿತಿದ್ದಳು.

ಅವಳಿಗೆ ಒಪ್ಪಿಸಿದ ಕೆಲಸ ಸಣ್ಣದು. ಖಾನಾಪುರದಿಂದ ಗುಂಜಿ ಕಡೆ ಹೋಗುವ ರಸ್ತೆಯಲ್ಲಿ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆ ಇದೆ. ಅದರ ಉದ್ದನೆಯ ಗೋಡೆಯ ಬುಡಕ್ಕೆ ಸುತ್ತಲಿನವರು ಕಸ ಸುರಿಯುತ್ತಾರೆ. ಬೋರ್ಡು ಹಾಕಿದರು, ದಂಡ ಎಂದರು, ನಿಲ್ಲಲಿಲ್ಲ. ನೀಲಾ ಓದಿದ್ದ ಪ್ರಬಂಧಗಳಲ್ಲಿ ಒಂದು ಸರಳ ಮಾತಿತ್ತು: ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಮನುಷ್ಯ ಸರಿಯಾಗಿ ನಡೆದುಕೊಳ್ಳುತ್ತಾನೆ, ನೋಡುವವರು ಖರೆ ಇರಬೇಕಾಗಿಲ್ಲ, ಕಣ್ಣಿನ ಚಿತ್ರ ಸಾಕು. ಗೋಡೆಯ ಮೇಲೆ ದೊಡ್ಡದಾಗಿ ಎರಡು ಕಣ್ಣು ಬರೆಸೋಣ ಎಂದಳು. ಪ್ರಸಾದ ಸರ್ ಕುರ್ಚಿಯಲ್ಲಿ ಮುಂದೆ ಬಾಗಿದರು. ಯಾರಾದರೂ ಅವಳ ಮಾತಿಗೆ ಹಾಗೆ ಮುಂದೆ ಬಾಗಿದ್ದು ಅದೇ ಮೊದಲು.

ಏಣಿಯ ಮೇಲೆ ಕಲ್ಮೇಶ. ಅಂಗಡಿಯ ಬೋರ್ಡು, ಟ್ರಕ್ಕಿನ ಹಿಂಭಾಗ, ಊರ ದೇವಿಯ ಮೂರ್ತಿ, ಎಲ್ಲದಕ್ಕೂ ಬಣ್ಣ ಬಳಿಯುವವನು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಆಳುದ್ದದ ಎರಡು ಕಣ್ಣು ಗೋಡೆಯ ಮೇಲೆ ಮೂಡಿದ್ದವು, ಕಂದು ವರ್ತುಲ, ದಪ್ಪ ರೆಪ್ಪೆ. ಪಾಪೆಯ ಜಾಗ ಮಾತ್ರ ಖಾಲಿ. ಎಡಗಣ್ಣಿನ ರೆಪ್ಪೆ ಕೊಂಚ ಇಳಿದಂತೆ ಕಂಡಿತು. ಸರಿಮಾಡು ಎಂದರೆ ಅವನು ಕೆಳಗೆ ನೋಡಿ, 'ಸರಿ ಐತ್ರಿ ಅಕ್ಕಾರ' ಎಂದ. ಆಮೇಲೆ ಏಣಿಯಿಂದ ಇಳಿದು, ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

'ಕರೀ ಬೊಟ್ಟು ಇಡೂ ಮುಂಚೆ ಎದುರಿಗೆ ಒಂದು ಕನ್ನಡಿ ಹಿಡೀಬೇಕಾಗತೈತ್ರಿ. ಮೊದಲನೇ ನೋಟ ಯಾರ ಮ್ಯಾಲೂ ಬೀಳಬಾರದು. ನಾ ಲಿಸ್ಟಿನ್ಯಾಗ ಬರದಿದ್ದೆ, ನೀವು ಹೊಡದ್ರಿ.'

ಅವಳಿಗೆ ಇದು ಗೊತ್ತಿತ್ತು. ಗೊತ್ತಿರದಿದ್ದರೆ ಬೇರೆ ಮಾತು. ಚಿಕ್ಕವಳಿದ್ದಾಗ ನಂದಗಡದ ಅತ್ತೆಯ ಮನೆಯಲ್ಲಿ, ದೇವಿಗೆ ಬಣ್ಣ ಹಚ್ಚಿ ಕಣ್ಣು ಬರೆಯುವ ದಿನ, ಒಬ್ಬ ಮುದುಕ ಬಟ್ಟೆ ಮುಚ್ಚಿದ ಕನ್ನಡಿ ಹೊತ್ತು ಓಣಿಯಲ್ಲಿ ಹೋಗಿದ್ದ. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದವು. ಕಣ್ಣು ತೆರೆದ ಗಳಿಗೆಯಲ್ಲಿ ದೇವಿ ತನ್ನನ್ನು ತಾನೇ ಕಾಣಬೇಕು, ಆ ನೋಟಕ್ಕೆ ಕನ್ನಡಿ ಒಡೆಯುತ್ತದೆ, ಮನುಷ್ಯರು ಸಿಕ್ಕರೆ ಮನುಷ್ಯರು. ಅವ್ವ ಅವಳನ್ನು ಒಳಗೆಳೆದುಕೊಂಡು, 'ನಾವು ಲಿಂಗಾ ಕಟ್ಟಿಕೊಂಡವ್ರು, ನಮಗ ಅದೆಲ್ಲಾ ಇಲ್ಲ' ಎಂದಿದ್ದಳು. ಹಾಗೆಂದು ಕಿಟಕಿಯನ್ನೂ ಮುಚ್ಚಿದ್ದಳು, ಅಗಳಿಯನ್ನೂ ಹಾಕಿದ್ದಳು.

'ಏನಂತಾನಂವಾ?' ಪ್ರಸಾದ ಸರ್ ಮೊಬೈಲು ಹಿಡಿದು ವಿಡಿಯೋಕ್ಕೆ ಸಿದ್ಧವಾಗಿ ನಿಂತಿದ್ದರು.

'ಏನಿಲ್ಲ ಸರ್. ಕನ್ನಡಿ ಬೇಕಂತ.'

'ಯಾಕ, ದೇವರ್ನ ಕೂಡಸಾಕತ್ತೇವೇನು?' ಎಂದು ಅವರು ನಕ್ಕರು. ನೀಲಾ ಅವರಿಗಿಂತ ಒಂದು ಗುಂಜಿಯಷ್ಟು ಜಾಸ್ತಿಯೇ ನಕ್ಕಳು. ಆ ಜಾಸ್ತಿ ನಗು ಈಗ ಬಸ್ಸಿನಲ್ಲೂ ಅವಳ ಕಿವಿಯಲ್ಲಿತ್ತು. ಬಸ್ಸಿನ ಗದ್ದಲದ ಒಳಗಿಂದ ಯಾರೋ ಬೇರೆಯವರು ನಕ್ಕಂತೆ.

ವಿಡಿಯೋದಲ್ಲಿ ಊರಿನ ಒಬ್ಬ ಹೆಂಗಸು ಮೊದಲ ಸಲ ಕಣ್ಣು ನೋಡಿ ಏನಾದರೂ ಹೇಳಬೇಕು ಎನ್ನುವುದೂ ಅವಳದೇ ಸಲಹೆ. ಸಿದ್ದಕ್ಕ ಆಗ ಆಡು ಹೊಡೆದುಕೊಂಡು ಬರುತ್ತಿದ್ದಳು. ಕಾರ್ಖಾನೆಯ ಹಿಂದಿನ ಮನೆಯವಳು, ಅರವತ್ತರ ಹತ್ತಿರದವಳು. ಕಸದ ಬಗ್ಗೆ ವಿಚಾರಿಸಲು ಮೊದಲು ಹೋದಾಗ ಮುತ್ತುಗದ ಎಲೆಯಲ್ಲಿ ಕವಳಿಹಣ್ಣು ತುಂಬಿಕೊಟ್ಟು, 'ತಿನ್ನ ತಂಗಿ, ಬಿಸಲಾಗ ಬಂದೀದಿ' ಎಂದಿದ್ದಳು. ನೀಲಾ ಹೆಸರು ಹಿಡಿದು ಕರೆದಳು. 'ಸಿದ್ದಕ್ಕಾ, ಇಲ್ಲಿ ಬಂದ ನಿಂದರ್ರಿ. ನೋಡಿ ಏನನಸ್ತೈತಿ ಅಷ್ಟ ಹೇಳ್ರಿ.' ಏಣಿಯ ಮೇಲೆ ಕಲ್ಮೇಶನ ಕೈ ತಡೆಯಿತು. 'ಹೂಂ, ನಡೀಲಿ' ಎಂದರು ಪ್ರಸಾದ ಸರ್. ಕುಂಚ ತಾಗಿತು. ಮೊದಲು ಬಲಗಣ್ಣಿಗೆ, ಆಮೇಲೆ ಎಡಕ್ಕೆ.

'ಛಂದ ಆಗೈತಿ' ಎಂದಳು ಸಿದ್ದಕ್ಕ. ವಿಡಿಯೋದಲ್ಲಿ ಅದು ಇದೆ. ಆಮೇಲೆ ಅವಳು ರೆಪ್ಪೆ ಬಡಿಯದೆ ನಿಂತದ್ದೂ, ಕೈಯಿಂದ ಹಗ್ಗ ಜಾರಿ ಆಡು ತಾನಾಗಿ ದೂರ ಹೋದದ್ದೂ ಇದೆ. ಪ್ರಸಾದ ಸರ್ ಆ ಭಾಗವನ್ನು ಕತ್ತರಿಸಿದ್ದರು.

ಕಸ ನಿಂತಿತು. ಒಂದೇ ವಾರದಲ್ಲಿ ನಿಂತಿತು, ಪೂರ್ತಿ ನಿಂತಿತು. ಪ್ರಸಾದ ಸರ್ ಅದನ್ನು ನಕ್ಷೆ ಮಾಡಿ ಆಫೀಸಿನ ಗೋಡೆಗೆ ಅಂಟಿಸಿದರು, ನೀಲಾಳಿಗೆ ಕೈ ಇರುವ ಕುರ್ಚಿ ಬಂತು. ಮತ್ತೆ ಕಸ ಬಿದ್ದಿದೆಯೇ ಎಂದು ಎಣಿಸಲು ಹೋದಾಗಲೆಲ್ಲ ಅವಳು ಬೇರೆ ಏನನ್ನೋ ನೋಡಿದಳು. ಗೋಡೆಯ ಬುಡದಲ್ಲಿ ಅರಿಷಿಣ ಕುಂಕುಮ. ಕೊಯ್ದ ನಿಂಬೆಹಣ್ಣು. ಹಸಿರು ಬಳೆ. ಬಟ್ಟೆಯ ಗಂಟಿನಲ್ಲಿ ಯಾವುದೋ ಮಗುವಿನ ಮೊದಲ ಕೂದಲು. ಗೋಡೆಯ ನೆರಳಿನಲ್ಲಿ ಮಲಗುತ್ತಿದ್ದ ನಾಯಿಗಳು ಈಗ ಬಿಸಿಲಲ್ಲಿ ಮಲಗಿದ್ದವು. ಗೋಡೆಯ ಮುಂದಿದ್ದ ಕಾಲುದಾರಿಯಲ್ಲಿ ಹುಲ್ಲು ಮೊಳೆಯುತ್ತಿತ್ತು. ರಸ್ತೆಯ ಆಚೆ, ಮುಳ್ಳುಕಂಟಿಯ ನಡುವೆ, ಹೊಸ ದಾರಿಯೊಂದು ತುಳಿದು ತುಳಿದು ಬೆಳ್ಳಗಾಗಿತ್ತು. ಹೆಂಗಸರು, ಸಾಲಿಯ ಮಕ್ಕಳು ಮುಳ್ಳು ತರಚಿಸಿಕೊಂಡಾದರೂ ಅಲ್ಲಿಂದಲೇ ಹೋಗುತ್ತಿದ್ದರು, ಗೋಡೆಯಿಂದ ಮುಖ ಆಚೆ ತಿರುಗಿಸಿ. ನಕ್ಷೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಅವಳು ಅದನ್ನು ಬರೆಯಲಿಲ್ಲ. ಬರೆಯಬೇಕು ಎಂದು ದಿನಾ ಅಂದುಕೊಂಡಳು.

ಸಿದ್ದಕ್ಕನ ಸುದ್ದಿ ತಂದವಳು ಅವಳ ಸೊಸೆ ರೂಪಾಲಿ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ. ಡ್ಯೂಟಿ ಮುಗಿಸಿ ನೇರ ಆಫೀಸಿಗೆ ಬಂದಿದ್ದಳು. ಉಗುರಿನ ಸಂದಿಯಲ್ಲಿ ಕರಿ ಮರಳು. ಎಲ್ಲರ ಮೇಜು ದಾಟಿ ನೀಲಾಳ ಮೇಜಿನ ಮುಂದೆ ನಿಂತು, ಬಾಜೂಕ್ಕಿದ್ದವರಿಗೂ ಕೇಳುವಂತೆ ಮಾತಾಡಿದಳು.

'ನಮ್ಮತ್ತಿ ಉಣ್ಣೂದು ಬಿಟ್ಟಾಳ್ರಿ ಮೇಡಮ್ಮಾರ. ಹೊರಗ ಬರವಲ್ಲಳು. ಗ್ವಾಡಿ ಕಡೆ ಮಾರಿ ಮಾಡಿ ಕುಂತಬಿಟ್ಟಾಳು. ದೊಡ್ಡ ದವಾಖಾನಿಗೆ ಒಯ್ದೆ, ರಕ್ತಾ ತಗದ್ರು, ಫೋಟೋ ತಗದ್ರು, ಎಲ್ಲಾ ಬೇಷ ಐತಿ ಅಂದ್ರು. ಎಲ್ಲಾ ಬೇಷ ಇದ್ದಾಕಿ ಹಿಂಗ್ಯಾಕ ಒಣಗತಾಳ್ರಿ?'

'ಏನರೇ ಹೇಳತಾರೇನು?'

'ಏನ ಹೇಳತಾಳು. ಅದು ನನ್ನ ಮ್ಯಾಲಿಂದ ಕಣ್ಣ ತಗೀವಲ್ತು ಅಂತಾಳು. ನಾ ಅಂದೆ, ಅತ್ತೀ, ಅದು ಬಣ್ಣ, ಡಬ್ಬಿ ಬಣ್ಣ. ನಿನಗ ಬಣ್ಣ, ನನಗಲ್ಲ ಅಂದ್ಲು.' ರೂಪಾಲಿ ಮೇಜಿನ ಮೇಲೆ ಅಂಗೈ ಊರಿ, 'ನೀವು ಮನಸಿನ ಡಾಕ್ಟರ್ ಅಂತ ಕಲ್ಮೇಶ ಅಂದ. ಕರದಾವ್ರು ನೀವ. ಬಿಡಸಾವ್ರೂ ನೀವ ಆಗ್ರಿ' ಎಂದಳು.

ಮರುದಿನವೇ ನೀಲಾ ಹೋದಳು. ಹಗಲಿನಲ್ಲೂ ಕತ್ತಲೆಯಿದ್ದ ಒಳಮನೆಯಲ್ಲಿ ಸಿದ್ದಕ್ಕ ಗೋಡೆಗೆ ಮುಖಮಾಡಿ ಕುಳಿತಿದ್ದಳು. ಹೆಗಲಿನ ಎಲುಬು ಸೀರೆಯೊಳಗಿಂದ ಕಾಣುತ್ತಿತ್ತು. ನೀಲಾ ಪಕ್ಕಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ತರಬೇತಿಯಲ್ಲಿ ಕಲಿತ ಮೃದು ದನಿಯಲ್ಲಿ ಮಾತು ತೆಗೆದಳು. ಇಂಥ ಹೆದರಿಕೆಗೆ ಅವಳ ಬಳಿ ಮೂರು ಹೆಸರುಗಳಿದ್ದವು, ಒಂದಕ್ಕಿಂತ ಒಂದು ಉದ್ದ. ಸಿದ್ದಕ್ಕ ಅವಳನ್ನು ಒಮ್ಮೆ ನೋಡಿದಳು. ನೋಡಿದ್ದೇ ಸೆರಗನ್ನು ಮುಖದ ಮೇಲೆಳೆದುಕೊಂಡು, ಬಿಸಿ ಪಾತ್ರೆ ಮುಟ್ಟಿದವಳಂತೆ ಹಿಂದೆ ಸರಿದಳು. ನೀಲಾ ಕಾದಳು. ತನ್ನ ಮುಖದಲ್ಲಿ ಏನೋ ಹತ್ತಿಕೊಂಡಿದೆ ಅನ್ನಿಸಿ ಕರವಸ್ತ್ರದಿಂದ ಒರೆಸಿಕೊಂಡಳು.

ಹೊರಗೆ ಬಂದಾಗ ರೂಪಾಲಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು.

'ನನ್ನ ಮ್ಯಾಲೆ ಸಿಟ್ಟ ಐತೇನು ಅವರಿಗೆ?'

'ಸಿಟ್ಟಲ್ರಿ.' ರೂಪಾಲಿ ಅವಳ ಮುಖ ನೋಡದೆ, ಅವಳ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತ ಹೇಳಿದಳು. 'ಅವು ನಿಮ್ಮ ಕಣ್ಣ ಅದಾವಲ್ಲ. ನಿಮಗ ಗೊತ್ತಿಲ್ಲೇನು? ಊರಿಗೇ ಗೊತ್ತೈತಿ.'

ಎಡರೆಪ್ಪೆ. ಸಾಲಿಯಲ್ಲಿ 'ಅರೆಗಣ್ಣಿ' ಎಂದು ಕರೆಯುತ್ತಿದ್ದರು. ಹುಟ್ಟಿನಿಂದ ಕೊಂಚ ಇಳಿದ ಆ ರೆಪ್ಪೆಗಾಗಿ ಅವಳು ಫೋಟೋಗಳಲ್ಲಿ ಯಾವಾಗಲೂ ಎಡಕ್ಕೆ ತಿರುಗಿ ನಿಂತಿದ್ದಾಳೆ. ಅವತ್ತು ರಸ್ತೆಗೆ ಬಂದು ಗೋಡೆಯ ಮುಂದೆ ನಿಂತಾಗ ಅವಳಿಗೆ ಅದು ಕಾಣದೆ ಇರಲಿಲ್ಲ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ನೋಡುವ ಕಣ್ಣು. ಆದರೆ ಕನ್ನಡಿಯಲ್ಲಿ ಇಳಿದ ರೆಪ್ಪೆ ಅವಳ ಎಡಗೈಯ ಕಡೆಗೇ ಇರುತ್ತಿತ್ತು. ಇಲ್ಲಿ ಅದು ಬಲಗೈಯ ಕಡೆಗಿತ್ತು, ಎದುರು ನಿಂತವರಿಗೆ ಕಾಣುವ ಹಾಗೆ. ಮೊಟ್ಟಮೊದಲ ಸಲ ಅವಳು ತನ್ನನ್ನು ಬೇರೆಯವರು ನೋಡುವಂತೆ ನೋಡಿದಳು. ಆ ಕಣ್ಣುಗಳಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಾಯುತ್ತಿರುವವರ ಕಣ್ಣು. ಎದುರಿಗಿದ್ದವನು ಏನು ಹೇಳುತ್ತಾನೆ, ಅದು ಯಾವುದಕ್ಕೆ ಉಪಯೋಗಕ್ಕೆ ಬರುತ್ತದೆ ಎಂದು ತಾಳ್ಮೆಯಿಂದ ಕಾಯುವ ಕಣ್ಣು. ಅಂಥ ಕಣ್ಣಿನಡಿ ಹಗಲು ರಾತ್ರಿ ಕುಳಿತರೆ ತನಗೂ ಗಂಟಲಲ್ಲಿ ತುತ್ತು ಇಳಿಯಲಿಕ್ಕಿಲ್ಲ ಎಂದು ಅವಳಿಗೆ ಅನ್ನಿಸಿತು.

ನಿನ್ನೆ ಅವಳು ಎಲ್ಲವನ್ನೂ ಪ್ರಸಾದ ಸರ್ ಮುಂದೆ ಹೇಳಿದಳು, ಪಾಪೆ ಅಳಿಸಿ, ಕನ್ನಡಿ ಹಿಡಿದು ಮತ್ತೆ ಬರೆಸುತ್ತೇನೆ ಎಂದಳು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು, ಚಹಾ ತರಿಸಿದರು.

'ನೀವು ಬಿಸಿಲಾಗ ಭಾಳ ತಿರಗೀರಿ ನೀಲಾ. ನಾಳೆ ಬೆಂಗಳೂರಿಂದ ಮೇಡಂ ಬರಾಕತ್ತಾರ, ಗೋಡೆ ನೋಡಾಕ. ಇಂಥಾವು ನಲವತ್ತು ಕಡೆ ಮಾಡೋ ವಿಚಾರ ಐತಿ. ನಿಮ್ಮ ಹೆಸರು ನಾನ ಕೊಟ್ಟೇನಿ, ಒಂದು ವರ್ಷದ ಕೆಲಸ, ಬೆಂಗಳೂರಾಗ. ಅವರು ಬಂದು ಹೋಗಲಿ. ಆಮ್ಯಾಲೆ ಬೇಕಾದ್ರ ಕನ್ನಡಿ ಏನು, ಆರತಿ ತಗೊಂಡ ಹೋಗ್ರಿ.'

'ಆಮ್ಯಾಲೆ ಅಂದ್ರ ತಡಾ ಆಗತೈತಿ ಸರ್. ನೀರೂ ಬಿಟ್ಟಾರಂತ.'

'ಕಣ್ಣ ಅಳಿಸಿದ್ರ ಲೆಕ್ಕಾ ಕೆಡತೈತಿ. ಅದು ನಿಮಗೂ ಗೊತ್ತು.' ಅವರ ದನಿ ಏರಲಿಲ್ಲ. ಮಾತು ಮುಗಿಯುವ ತನಕ ಅವರು ಅವಳ ಮುಖ ನೋಡದೆ ಚಹಾದ ಕಪ್ಪನ್ನೇ ನೋಡುತ್ತಿದ್ದರು ಎನ್ನುವುದು ಅವಳಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು.

ಅವಳು ಬಸ್ಸಿಳಿದು ಗೋಡೆಯ ಹತ್ತಿರ ಬಂದಾಗ ಕಲ್ಮೇಶ ಏಣಿ ಒರಗಿಸಿಕೊಂಡು ಕಾಯುತ್ತಿದ್ದ. ಕೂಲಿ ಬೇಡ ಎಂದ. 'ನಂದೂ ತಪ್ಪೈತ್ರಿ. ಕೈ ತಡದಿತ್ತು, ನಿಲ್ಲಸಬೇಕಿತ್ತು. ವಿಡಿಯೋದಾಗ ಬರತೇನಲ್ಲಾ ಅಂತ ಹುರುಪ ಇತ್ತು.'

'ನನ್ನ ಕಣ್ಣ ಯಾಕ ತಗದಿ ಕಲ್ಮೇಶ?'

'ಹೆಣ್ಣಮಕ್ಕಳ ಕಣ್ಣ ಇರಲಿ ಅಂದ್ರಿ. ಮ್ಯಾಲಿಂದ ನೋಡಿದ್ರ ನೀವ ನಿಂತಿದ್ರಿ. ಮತ್ತ ಯಾರದು ತಗೀಲಿ?'

ಅವನು ಮೇಲೆ ಹತ್ತಿ ಪಾಪೆಗಳ ಮೇಲೆ ಬಿಳಿ ಹಚ್ಚಿದ. ಈಗ ಗೋಡೆಯ ಮೇಲೆ ಕುರುಡು ಕಣ್ಣುಗಳು. ಕುರುಡಾದ ಮೇಲೆ ಅವು ಇನ್ನೂ ದೊಡ್ಡವಾಗಿ ಕಂಡವು. ಮುಳ್ಳುದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು ನಿಂತರು, ಒಬ್ಬಳು ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಬಿಳಿ ಒಣಗಬೇಕು, ಅದರ ಮೇಲೆ ಕಪ್ಪು ಇಡಬೇಕು. ಒಣಗುವ ಮೊದಲೇ ಕಾರು ಬಂತು.

ಬೆಂಗಳೂರಿನ ಮೇಡಂ ತಂಪು ಕನ್ನಡಕ ತೆಗೆದು ಗೋಡೆ ನೋಡಿದರು. ಪ್ರಸಾದ ಸರ್ ಮುಖ ಸುಣ್ಣವಾಯಿತು. ರಿಪೇರಿ ನಡೆದಿದೆ ಎಂದುಬಿಡಬಹುದಿತ್ತು. ಅವರು ಅದೇ ಮಾತಿಗೆ ಬಾಯಿ ತೆರೆದದ್ದೂ ಕಂಡಿತು. ನೀಲಾ ಮುಂದೆ ಬಂದಳು. ಕನ್ನಡಿಯ ವಿಷಯ, ನಕ್ಕ ವಿಷಯ, ಸಿದ್ದಕ್ಕನನ್ನು ಕರೆದು ನಿಲ್ಲಿಸಿದ ವಿಷಯ ಹೇಳಿದಳು. ಜನ ಕಸ ಹಾಕುವುದು ಬಿಟ್ಟದ್ದು ತಾನು ವರದಿಯಲ್ಲಿ ಬರೆದ ಕಾರಣಕ್ಕಲ್ಲ, ಹೆದರಿ ಎಂದಳು. ಹುಲ್ಲು ಬೆಳೆದ ಹಳೇ ದಾರಿಯನ್ನೂ, ಆಚೆಯ ಹೊಸ ದಾರಿಯನ್ನೂ ಕೈಮಾಡಿ ತೋರಿಸಿದಳು. ಹೇಳುತ್ತ ಹೇಳುತ್ತ ತನ್ನ ಮಾತು ನಂದಗಡದ ಮಾತಾಗಿಬಿಟ್ಟದ್ದು ಅವಳಿಗೇ ಕೇಳಿಸಿತು. ಮೇಡಂ ಸಮಾಧಾನದಿಂದ ಕೇಳಿ, 'ಇಂಟರೆಸ್ಟಿಂಗ್' ಎಂದು ಗಡಿಯಾರ ನೋಡಿಕೊಂಡರು. ಕಾರಿನ ಬಾಗಿಲು ಹಾಕುವ ಮುನ್ನ ಪ್ರಸಾದ ಸರ್, 'ಹಿಂಗ ಮಾಡಬಾರದಿತ್ತು ನೀವು' ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ರೂಪಾಲಿ ಅತ್ತೆಯನ್ನು ತೋಳು ಹಿಡಿದು ಕರೆತಂದು ಕಾರ್ಖಾನೆಯ ಕಂಬದ ಮರೆಯಲ್ಲಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದಳು. ಉಳಿದವರು ತಾವಾಗಿ ದೂರ ಸರಿದರು. ನೀಲಾ ಪೇಪರು ಬಿಚ್ಚಿ, ಕನ್ನಡಿಯನ್ನು ತನ್ನ ಮುಖಕ್ಕೆ ಅಡ್ಡವಾಗಿ, ಗೋಡೆಯ ಕಡೆಗೆ ತಿರುಗಿಸಿ ಹಿಡಿದಳು. ಅವಳ ಕಣ್ಣ ಮುಂದೆ ಕನ್ನಡಿಯ ಬೆನ್ನಿನ ಕಂದು ರಟ್ಟು, ಮೇಲೆ ಅಂಗಡಿಯವನು ಬರೆದ ಬೆಲೆ. ಎಲ್ಲೋ ಗುಂಜಿ ಕಡೆ ರೈಲು ಕೂಗಿತು. 'ಇಡತೇನ್ರಿ' ಎಂದ ಕಲ್ಮೇಶ. ಹಕ್ಕಿಗಳ ಸದ್ದು ನಿಂತಿತು, ಅಥವಾ ಅವಳಿಗೆ ಕೇಳಿಸುವುದು ನಿಂತಿತು. ರಟ್ಟಿನ ಆಚೆ ಯಾವುದೋ ಬಂದು ನಿಂತ ಹಾಗೆ ಕನ್ನಡಿ ಭಾರವಾಯಿತು. ಅವಳು ಒಡೆಯುವ ಸದ್ದಿಗೆ ಕಾದಳು. ಒಡೆಯಲಿ ಎಂದು ಎಂದೂ ಏನನ್ನೂ ಹೀಗೆ ಬೇಡಿಕೊಂಡಿರಲಿಲ್ಲ.

'ಆತ್ರಿ' ಎಂದ ಕಲ್ಮೇಶ.

ಕನ್ನಡಿ ಇಳಿಸಿದಳು. ಒಂದು ಗೆರೆಯೂ ಬಿದ್ದಿರಲಿಲ್ಲ.

'ಒಡೀಬೇಕಿತ್ತ್ರಿ' ಎಂದ ಕಲ್ಮೇಶ, ಏಣಿಯ ನಡುವಲ್ಲೇ ನಿಂತು.

'ಈಗಿನ ಕನ್ನಡಿ ಗಟ್ಟಿ ಇರತಾವು ಬಿಡೋ' ಎಂದಳು ರೂಪಾಲಿ.

ಸಿದ್ದಕ್ಕ ಕಂಬದ ಮರೆಯಿಂದ ತಾನಾಗಿ ನಡೆದುಬಂದಳು. ನೀಲಾಳ ಕೈಯಿಂದ ಕನ್ನಡಿ ತೆಗೆದುಕೊಂಡು, ಹೆಬ್ಬೆರಳಿನಿಂದ ಅಂಚು ಸವರಿದಳು. ಅದರಲ್ಲಿ ತನ್ನ ಮುಖವನ್ನು ಬಹಳ ಹೊತ್ತು ನೋಡಿಕೊಂಡಳು, ಕುಂಕುಮ ಸರಿಮಾಡಿಕೊಂಡಳು. ಆಮೇಲೆ ತಲೆಯೆತ್ತಿ ಗೋಡೆಯನ್ನು ನೋಡಿದಳು, ಬಾವಿಯೊಳಗೆ ಇಣುಕುವವಳಂತೆ, ಮೆಲ್ಲಗೆ.

'ನನ್ನ ನೋಡವಲ್ತು' ಎಂದಳು. ಕನ್ನಡಿಯನ್ನು ಬೆರಳಿನಿಂದ ಬಡಿದು, 'ಇದು ಒಡದಿಲ್ಲ. ಎಲ್ಲಿ ಹೋತು ಮತ್ತ ಅದು?'

ಎಲ್ಲರೂ ನೀಲಾಳ ಕಡೆ ತಿರುಗಿದರು. ಸಿದ್ದಕ್ಕ ಅವಳನ್ನು ನೇರವಾಗಿ ನೋಡಿದಳು, ಕವಳಿಹಣ್ಣು ಕೊಟ್ಟ ದಿನದ ಹಾಗೆ. ನೋಡುತ್ತಿದ್ದಂತೆ ಅವಳ ಮುಖದಲ್ಲಿ ಕನಿಕರ ಮೂಡಿತು, ಮೂಡಿದ್ದೇ ಕಣ್ಣು ಕೆಳಗಾದವು. ಕನ್ನಡಿಯನ್ನು ಬೋರಲಾಗಿ ನೀಲಾಳ ಕೈಗಿಟ್ಟಳು. 'ಹಸಿವಾಗೈತಿ ರೂಪಾಲಿ' ಎಂದಳು.

ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರು ಅವಳ ಹೆಗಲಿನ ಕಡೆ ನೋಡುತ್ತ ಸೊನ್ನೆಯ ಟಿಕೆಟ್ಟು ಹರಿದುಕೊಟ್ಟ. ಎದುರು ಸೀಟಿನ ಮಗು ಅವಳನ್ನು ನೋಡಿ ಅಳಲು ಹತ್ತಿದಾಗ ಅದರ ತಾಯಿ ಅದರ ಮುಖವನ್ನು ಕಿಟಕಿಗೆ ತಿರುಗಿಸಿದಳು. ಆಮೇಲೆ ತಾನೂ ತಿರುಗಿದಳು. ಮಕ್ಕಳು ಅಳುತ್ತವೆ, ಕಂಡಕ್ಟರುಗಳಿಗೆ ಪುರುಸೊತ್ತಿರುವುದಿಲ್ಲ ಎಂದು ನೀಲಾ ತನಗೆ ತಾನೇ ಹೇಳಿಕೊಂಡಳು. ಕನ್ನಡಿ ತೊಡೆಯ ಮೇಲೆ ಬೋರಲಾಗಿತ್ತು. ಮಗುಚಿ ನೋಡಬಹುದಿತ್ತು. ಬೆಳಗಾವಿ ಬರುವ ತನಕ ಅದರ ರಟ್ಟಿನ ಮೇಲೆ ಅಂಗೈಯಿಟ್ಟು ಕುಳಿತಳು.

ಸಿದ್ದಕ್ಕ ಅವತ್ತು ಒಂದೂವರೆ ರೊಟ್ಟಿ ತಿಂದಳು, ವಾರದೊಳಗೆ ಮತ್ತೆ ಆಡು ಮೇಯಿಸಲು ಹೊರಟಳು. ಗೋಡೆಯ ಬುಡ ಇವತ್ತಿಗೂ ಸ್ವಚ್ಛವಾಗಿದೆ, ಹಳೇ ದಾರಿಯಲ್ಲಿ ಜನ ಮತ್ತೆ ಓಡಾಡುತ್ತಾರೆ. ಬೆಂಗಳೂರಿನ ಕೆಲಸ ಬೇರೆಯವರಿಗೆ ಹೋಯಿತು. ನೀಲಾ ಧಾರವಾಡಕ್ಕೆ ಮರಳಿ ತನ್ನ ಪ್ರಬಂಧಕ್ಕಾಗಿ ಜನರನ್ನು ಮಾತಾಡಿಸುತ್ತಿದ್ದಾಳೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ, ಅವಳ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತ.